ಖಿನ್ನತೆಯ ರಜೆ ಮುಗಿಸಿ ಬರುವ ಸಹೋದ್ಯೋಗಿಗೆ ಕಚೇರಿಯಲ್ಲಿ ಹೇಗೆ ನೆರವಾಗಬೇಕು?

ಪ್ರಶ್ನೆ: ಶಾಖಾ ವ್ಯವಸ್ಥಾಪಕಿ, ಹಾಸನ ಜಿಲ್ಲೆ

ನಮಸ್ಕಾರ. ನಾನು ಒಂದು ಪತ್ತಿನ ಸಹಕಾರ ಸಂಘದ ಶಾಖೆಯನ್ನು ನೋಡಿಕೊಳ್ಳುತ್ತಿದ್ದೇನೆ. ನಮ್ಮ ನಗದು ಗುಮಾಸ್ತರು ಆತಂಕ ಮತ್ತು ಖಿನ್ನತೆಯ ಚಿಕಿತ್ಸೆಗಾಗಿ ಮೂರು ತಿಂಗಳು ರಜೆಯಲ್ಲಿದ್ದು, ಮುಂದಿನ ಸೋಮವಾರ ಕೆಲಸಕ್ಕೆ ಹಾಜರಾಗಲಿದ್ದಾರೆ. ಹನ್ನೊಂದು ವರ್ಷಗಳಲ್ಲಿ ಅವರ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದದ್ದು ನನಗೆ ನೆನಪಿಲ್ಲ. ರಜೆಗೆ ಮುಂಚಿನ ವಾರಗಳಲ್ಲಿ ಮಾತ್ರ, ಸಂಜೆ ನಗದು ತಾಳೆಯಾದ ಮೇಲೂ ಅದೇ ನೋಟಿನ ಕಟ್ಟನ್ನು ನಾಲ್ಕೈದು ಬಾರಿ ಎಣಿಸುತ್ತ ಕುಳಿತಿರುತ್ತಿದ್ದರು. ತಿಜೋರಿಗೆ ಬೀಗ ಹಾಕಿ ಬಾಗಿಲವರೆಗೆ ಬಂದವರು ಹಿಂದಿರುಗಿ ಅದರ ಹಿಡಿಯನ್ನು ಮತ್ತೆ ಎಳೆದು ನೋಡುತ್ತಿದ್ದರು. ಅದು ಕಾಯಿಲೆಯ ಲಕ್ಷಣವೆಂದು ತಿಳಿಯದೆ ನಾನು ಒಮ್ಮೆ ಎಲ್ಲರ ಎದುರಿಗೇ ‘ಇಷ್ಟು ನಿಧಾನವಾದರೆ ಹೇಗೆ?’ ಎಂದುಬಿಟ್ಟೆ. ಆ ಮಾತು ಇಂದಿಗೂ ನನ್ನನ್ನು ಕೊರೆಯುತ್ತಿದೆ.

ಕಳೆದ ವಾರ ಶಾಖೆಗೆ ಬರಲೆಂದು ಹೊರಟು, ಬಸ್ ನಿಲ್ದಾಣದಲ್ಲಿ ಇಳಿದು ಅರ್ಧ ಗಂಟೆ ಅಲ್ಲಿಯೇ ಕುಳಿತು, ಮನೆಗೆ ಮರಳಿದರೆಂದು ಅವರ ಪತ್ನಿ ತಿಳಿಸಿದರು. ಮೊದಲ ದಿನವೇ ಕೌಂಟರಿನಲ್ಲಿ ಕೂರಿಸಬಹುದೇ? ಸಿಬ್ಬಂದಿಗೆ ಏನು ಹೇಳಲಿ? ಅವರ ವೈದ್ಯರೊಂದಿಗೆ ನಾನೇ ಮಾತನಾಡಬಹುದೇ?

ಉತ್ತರ 1: ಪ್ರೌಢಶಾಲಾ ಶಿಕ್ಷಕಿ

ಮೇಡಂ, ನಾನೂ ಇದೇ ಕಾಯಿಲೆಯಿಂದ ರಜೆ ಹಾಕಿ ಮರಳಿದವಳು. ಪಾಠ ಮಾಡುವುದಕ್ಕಿಂತ ನನಗೆ ಹೆಚ್ಚು ಭಯವಿದ್ದದ್ದು ಸಿಬ್ಬಂದಿ ಕೊಠಡಿಯ ಬಾಗಿಲು ದಾಟುವ ಆ ಕ್ಷಣದ ಬಗ್ಗೆ, ‘ಏನಾಗಿತ್ತು?’ ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ರಾತ್ರಿಯಿಡೀ ಉತ್ತರ ಜೋಡಿಸುತ್ತಿದ್ದೆ. ನಮ್ಮ ಮುಖ್ಯೋಪಾಧ್ಯಾಯರು ಎರಡು ದಿನ ಮೊದಲು ಫೋನ್ ಮಾಡಿ, ‘ಹುಷಾರಿರಲಿಲ್ಲ, ಈಗ ಸುಧಾರಿಸಿದ್ದೇನೆ ಎಂದಷ್ಟೇ ಹೇಳಿ, ಉಳಿದದ್ದನ್ನು ಹೇಳುವುದೂ ಬಿಡುವುದೂ ನಿಮ್ಮಿಷ್ಟ’ ಎಂದರು. ಮೊದಲ ದಿನ ಅವರೇ ಗೇಟಿನ ಬಳಿ ನಿಂತಿದ್ದು, ಹಾಜರಿ ಪುಸ್ತಕದವರೆಗೆ ನನ್ನೊಂದಿಗೆ ನಡೆದು ಬಂದರು. ಅನುಕಂಪದ ಮಾತು ಒಂದೂ ಆಡಲಿಲ್ಲ, ಎಂಟನೆಯ ತರಗತಿಯ ಪಾಠ ಎಲ್ಲಿಗೆ ನಿಂತಿದೆ ಎಂದು ತಿಳಿಸಿದರು. ಆ ಬಸ್ ನಿಲ್ದಾಣದಿಂದ ಶಾಖೆಯವರೆಗೆ ಅವರ ಜೊತೆ ಬರಲು ಅವರಿಗೆ ಒಪ್ಪಿಗೆಯಾಗುವ ಒಬ್ಬರನ್ನು ಕಳುಹಿಸಲು ಸಾಧ್ಯವೇ ನೋಡಿ.

ಉತ್ತರ 2: ಮನೋವೈದ್ಯಕೀಯ ಸಮಾಜ ಕಾರ್ಯಕರ್ತ

ಮೊದಲು ವೈದ್ಯರ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಂ ರೋಗಿಯ ಗೋಪ್ಯತೆಯನ್ನು ಹಕ್ಕೆಂದು ಹೇಳುತ್ತದೆ. ಕಾನೂನೇ ಗುರುತಿಸಿದ ಕೆಲವು ಸಂದರ್ಭಗಳನ್ನು ಬಿಟ್ಟರೆ ಅವರ ಒಪ್ಪಿಗೆಯಿಲ್ಲದೆ ವೈದ್ಯರು ನಿಮಗೆ ಏನನ್ನೂ ತಿಳಿಸುವಂತಿಲ್ಲ. ಆದ್ದರಿಂದ ನೀವು ಕೇಳಬೇಕಾದದ್ದು ಗುಮಾಸ್ತರನ್ನು, ಅದೂ ಕಾಯಿಲೆಯ ಬಗ್ಗೆಯಲ್ಲ, ಕೆಲಸದ ಬಗ್ಗೆ: ದಿನದ ಯಾವ ಹೊತ್ತು ಕಷ್ಟ, ಯಾವ ಕೆಲಸ ಈಗಲೇ ಆಗುತ್ತದೆ, ಯಾವುದಕ್ಕೆ ಇನ್ನಷ್ಟು ಸಮಯ ಬೇಕು ಎಂದು.

ಎರಡನೆಯದಾಗಿ, ಮನಸ್ಸಿನ ದುಗುಡ ಇಳಿದ ಮೇಲೂ ಏಕಾಗ್ರತೆ, ನೆನಪು ಮತ್ತು ನಿರ್ಧಾರ ಮಾಡುವ ಶಕ್ತಿ ಹಲವರಲ್ಲಿ ತಡವಾಗಿ ಮರಳುತ್ತವೆ. ಕೆಲವು ಔಷಧಿಗಳಿಂದ ಬೆಳಿಗ್ಗೆ ಮಂಪರು ಇರುತ್ತದೆ. ಗುಣವಾದಂತೆ ಕಂಡ ಮೇಲೂ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಔಷಧಿ ಮುಂದುವರಿಸಬೇಕಾಗುವುದರಿಂದ, ತಪಾಸಣೆಗೆ ಹೋಗುವ ದಿನ ಮುಖ ಸಿಂಡರಿಸದೆ ರಜೆ ಕೊಡಿ. ಮೊದಲ ವಾರ ಅರ್ಧ ದಿನ ಸಾಕು. ಠೇವಣಿ ನವೀಕರಣ, ಪಾಸ್‌ಬುಕ್ ನಮೂದು ಮುಂತಾದ, ಆರಂಭ ಮತ್ತು ಅಂತ್ಯ ಸ್ಪಷ್ಟವಾಗಿರುವ ಕೆಲಸಗಳಿರಲಿ. ಆದರೆ ಕೌಂಟರನ್ನು ಪೂರ್ತಿ ತಪ್ಪಿಸಬೇಡಿ. ಭಯಪಟ್ಟ ಜಾಗದಿಂದ ಹಿಂದೆ ಸರಿದಾಗ ಆ ಹೊತ್ತಿಗೆ ಹಾಯೆನಿಸುತ್ತದೆ, ಮರುದಿನ ಭಯ ಇನ್ನಷ್ಟು ಗಟ್ಟಿಯಾಗಿರುತ್ತದೆ. ಬಸ್ ನಿಲ್ದಾಣದಲ್ಲಿ ಆದದ್ದು ಅದೇ. ಭಾನುವಾರ ಬಾಗಿಲು ತೆರೆದು, ಜನರಿಲ್ಲದಾಗ ಅವರು ತಮ್ಮ ಕುರ್ಚಿಯಲ್ಲಿ ಹತ್ತು ನಿಮಿಷ ಕುಳಿತು ಹೋದರೆ ಸೋಮವಾರ ಸ್ವಲ್ಪ ಸುಲಭವಾದೀತು.

ನಡುವೆ ಸಂಕಟ ಹೆಚ್ಚಾದರೆ 14416 ಟೆಲಿ ಮಾನಸ್ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಹಗಲಿರುಳೂ ಮಾತನಾಡಬಹುದು. ಈ ಸಂಖ್ಯೆಯನ್ನು ಸೂಚನಾ ಫಲಕದಲ್ಲಿ ಎಲ್ಲರಿಗಾಗಿ ಹಾಕಿಡಿ. ಆಗ ಅದು ಅವರೊಬ್ಬರತ್ತ ಬೆರಳು ತೋರಿದಂತಾಗುವುದಿಲ್ಲ.

ಉತ್ತರ 3: ಮುದ್ರಣಾಲಯದ ಉದ್ಯೋಗಿ

ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಒಂದು ಎಚ್ಚರಿಕೆ ಸೇರಿಸಬೇಕೆನಿಸಿತು. ನನ್ನ ತಮ್ಮ ಇಂಥದ್ದೇ ರಜೆಯಿಂದ ಮರಳಿದಾಗ ಅವನ ಕಚೇರಿಯವರು ‘ನೀನು ಆರಾಮವಾಗಿರು’ ಎಂದು ಎರಡು ತಿಂಗಳು ಯಾವ ಕಡತವನ್ನೂ ಕೊಡಲಿಲ್ಲ. ಅವರದು ಒಳ್ಳೆಯ ಮನಸ್ಸೇ. ಇವನಿಗೆ ಮಾತ್ರ ತಾನು ಯಾವುದಕ್ಕೂ ಬೇಡವಾದವನೆಂಬ ಭಾವನೆ ಬೇರೂರಿತು. ಖಾಲಿ ಮೇಜನ್ನು ಒರೆಸುತ್ತ ಕೂರುತ್ತಿದ್ದನೆಂದು ಆಮೇಲೆ ಹೇಳಿಕೊಂಡ. ಕೆಲಸ ಹಗುರವಾಗಿರಲಿ, ಆದರೆ ನಿಜವಾದ ಕೆಲಸವಾಗಿರಲಿ. ಅದನ್ನು ಯಾವ ತಾರೀಖಿನಿಂದ ಎಷ್ಟೆಷ್ಟು ಹೆಚ್ಚಿಸುತ್ತೀರಿ ಎಂಬುದನ್ನು ಅವರೊಡನೆ ಕುಳಿತೇ ಬರೆದುಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಇಂದು ಅವರೊಂದಿಗೆ ಫೋನಿನಲ್ಲಿ ಮಾತನಾಡಿ, ಅಂದು ಎಲ್ಲರೆದುರು ಹಾಗೆ ಅಂದದ್ದಕ್ಕೆ ಮೊದಲು ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸಂಜೆಯ ನಗದು ತಾಳೆಯೇ ತಮಗೆ ದೊಡ್ಡ ಭಯವೆಂದು ಅವರೇ ಹೇಳಿದರು. ಮೊದಲ ಎರಡು ವಾರ ಮಧ್ಯಾಹ್ನದವರೆಗೆ ಮಾತ್ರ ಬರುವುದು, ಮೂರನೆಯ ವಾರದಿಂದ ಸಂಜೆ ಇಬ್ಬರು ಒಂದೊಂದೇ ಬಾರಿ ಎಣಿಸಿ, ಪುಸ್ತಕಕ್ಕೆ ಸಹಿ ಹಾಕಿ, ಒಟ್ಟಿಗೆ ಹೊರಡುವುದು ಎಂದು ಸದ್ಯಕ್ಕೆ ಮಾತಾಗಿದೆ. ಈ ಏರ್ಪಾಡನ್ನು ತಮ್ಮ ವೈದ್ಯರಿಗೂ ತಿಳಿಸಿ ಕೇಳುವುದಾಗಿ ಹೇಳಿದ್ದಾರೆ. ಭಾನುವಾರ ಹತ್ತು ಗಂಟೆಗೆ ಪತ್ನಿಯೊಂದಿಗೆ ಬರುತ್ತಾರೆ. ಕೀಲಿ ನನ್ನ ಬಳಿಯೇ ಇದೆ.