ಮುಂಬಯಿಯಲ್ಲಿ ಗುಂಪಾಗಿ ಸುಶಿ ಕ್ಲಾಸ್: ಗೊತ್ತಿದ್ದವರು ಹೇಳಿ

ಘಾಟ್ಕೋಪರ್‌ನಿಂದ: ಜುಲೈನಲ್ಲಿ ನಮ್ಮ ಬಳಗದ 12 ಜನ ಲೋವರ್ ಪರೇಲ್‌ನ ಒಂದು ಜಪಾನಿ ರೆಸ್ಟೋರೆಂಟಿನಲ್ಲಿ ಸುಶಿ (ಹುಳಿ ಅನ್ನಕ್ಕೆ ಮೀನು, ತರಕಾರಿ ಇಟ್ಟು ಸುತ್ತುವ ತಿನಿಸು) ಕ್ಲಾಸಿಗೆ ಹೋಗೋಣ ಅಂತಿದ್ದೇವೆ. ತಲೆಗೆ 3,000, ಎರಡು ಗಂಟೆ. ಐದು ಜನ ಶುದ್ಧ ಸಸ್ಯಾಹಾರಿಗಳು. ಮುಂಚೆ ಏನೇನು ಕೇಳ್ಕೋಬೇಕು?

ಅಂಧೇರಿ: ಅನ್ನ ನಿಮ್ಮೆದುರು ಮಾಡ್ತಾರಾ, ಮಾಡಿಟ್ಟದ್ದನ್ನು ಡಬ್ಬದಲ್ಲಿ ತಂದಿಡ್ತಾರಾ, ಅದು ಕೇಳಿ ಮಾರಾಯ್ರೆ. ಡಬ್ಬದ ಅನ್ನವಾದರೆ ಕ್ಲಾಸ್ ಅಲ್ಲ, ಸುರುಳಿ ಸುತ್ತುವ ಆಟ. ಜಪಾನಿ ಗಿಡ್ಡ ಅಕ್ಕಿಯೇ ಆಗಬೇಕು. ನೀರು ತಿಳಿಯಾಗುವವರೆಗೆ ತೊಳೆದು ಅರ್ಧ ಗಂಟೆ ನೆನೆಸಿ, 2 ಕಪ್ ಅಕ್ಕಿಗೆ ನೀರು ಎರಡೂಕಾಲು ಕಪ್ ದಾಟಬಾರದು. ಒಲೆ ಆರಿಸಿದ ಮೇಲೂ 10 ನಿಮಿಷ ಮುಚ್ಚಳ ತೆಗೆಯುವಂತಿಲ್ಲ. ಅಷ್ಟಕ್ಕೆ ಅಕ್ಕಿ ವಿನೆಗರ್ 4 ಟೇಬಲ್ ಚಮಚ, ಸಕ್ಕರೆ 2 ಟೇಬಲ್ ಚಮಚ, ಉಪ್ಪು 1 ಟೀ ಚಮಚ. ಉಗುರುಬೆಚ್ಚಗೆ ಮಾಡಿ ಕರಗಿಸಿ, ಕುದಿಸಿದರೆ ಹುಳಿ ಹಾರಿಹೋಗ್ತದೆ. ಅನ್ನ ಬಿಸಿಯಿರುವಾಗಲೇ ಸುರಿದು, ಮರದ ಸಟ್ಟುಗದಲ್ಲಿ ಕೊಯ್ದ ಹಾಗೆ ಮಗುಚಬೇಕು. ಕಲಸಿದಿರೋ, ಗಂಜಿ. ಮೈಬಿಸಿಗೆ ಇಳಿದಾಗ ಸುತ್ತಬೇಕು, ಫ್ರಿಜ್ಜಿನಲ್ಲಿಟ್ಟರೆ ಕಾಳು ಗಟ್ಟಿಯಾಗ್ತದೆ.

ಕೊತ್ರೂಡ್, ಪುಣೆ: 3,000ದಾಗ ಟ್ಯಾಕ್ಸ್ ಐತೇನು, ಸರ್ವಿಸ್ ಚಾರ್ಜ್ ಐತೇನು, ಬರದು ಕೊಡಂತ ಕೇಳ್ರಿ. ಇಲ್ಲೊಂದು ಕಡೆ ಏಪ್ರನ್‌ಗೆ ಬ್ಯಾರೆ, ಬಿದಿರಿನ ಚಾಪಿಗೆ ಬ್ಯಾರೆ, ಬಾಟ್ಲಿ ನೀರಿಗೂ ಬ್ಯಾರೆ ಹಚ್ಚಿದ್ರು. ಅದೂ ಇಬ್ಬರಿಗೆ ಒಂದ ಚಾಪಿ! ಒಬ್ರು ಸುತ್ತೂದು, ಇನ್ನೊಬ್ರು ಕೈ ಕಟ್ಕೊಂಡು ನಿಂದ್ರೂದು. ಆ ರೊಕ್ಕದಾಗ ಮಾವಳದ ಇಂದ್ರಾಯಣಿ ಅಕ್ಕಿ ತಂದು ಇಡೀ ಬಳಗಕ್ಕ ಮನ್ಯಾಗ ಮಾಡಿ ಹಾಕಬಹುದು. ಅಂಟಿಗೇನೂ ಕಡಿಮಿಲ್ಲ.

ಅಂಧೇರಿ: ಇಂದ್ರಾಯಣಿಯಾ! ಅದರ ಘಮ ವಿನೆಗರಿನ ಎದುರು ಜಗಳಕ್ಕೆ ನಿಲ್ತದೆ. ಮಸಾಲೆ ಭಾತಿಗೆ ಇಟ್ಕೊಳ್ಳಿ.

ಮಡಗಾಂವ್: ಅಕ್ಕಿ ಜಗಳ ಆಮೇಲೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್. ಜುಲೈನಲ್ಲಿ 'ಇವತ್ತಿನ ತಾಜಾ ಮೀನು' ಅಂದರೆ ಎಲ್ಲಿಯದು ಅಂತ ಕೇಳಿ. ಹಸಿ ತಿನ್ನೋದಕ್ಕೆ ತಾಜಾ ಇದ್ದರೆ ಸಾಲದು. ಮೀನಿನೊಳಗಿನ ಅನಿಸಾಕಿಸ್ ಹುಳು ಸಾಯಬೇಕಾದರೆ ಮೈನಸ್ 20 ಡಿಗ್ರಿಯಲ್ಲಿ 7 ದಿನ, ಇಲ್ಲವೇ ಮೈನಸ್ 35ರಲ್ಲಿ ಕಲ್ಲಾಗಿಸಿ 15 ಗಂಟೆ ಇಡಬೇಕು. ಮನೆ ಫ್ರೀಜರ್ ಮೈನಸ್ 18ರ ಆಸುಪಾಸು, ಅದನ್ನು ನಂಬಬೇಡಿ. ಮುಂಬಯಿಯ ಮೀನು ಬಂದರು ಸಸೂನ್ ಡಾಕಿನಿಂದ ಸುರಮಾಯಿ (ಅಂಜಲ್) ತಂದು ಮನೆಯಲ್ಲೇ ಕೊಯ್ತೇವೆ ಅನ್ನುವ ಶೂರರಿಗೆ ಇನ್ನೊಂದು: ಸುರಮಾಯಿ, ಬಂಗಡೆ ಐಸ್ ಇಲ್ಲದೆ ಕೂತರೆ ಅಲರ್ಜಿಯಂಥ ತೊಂದರೆ ಕೊಡುವ ಹಿಸ್ಟಮಿನ್ ಕಟ್ಟುತ್ತದೆ. ಅದು ಫ್ರೀಜ್ ಮಾಡಿದರೂ ಹೋಗದು, ಬೇಯಿಸಿದರೂ ಹೋಗದು.

ಕೊತ್ರೂಡ್, ಪುಣೆ: ಮೀನಿನ ಭಾಷಣ ಯಾರ ಕೇಳಿದ್ರು? ಐದು ಮಂದಿ ಸಸ್ಯಾಹಾರಿ ಅಂತ ಬರದಾರ, ಓದ್ರಿ ಮೊದಲ.

ಮಡಗಾಂವ್: ಉಳಿದ ಏಳು ಜನರ ಹೊಟ್ಟೆ ನಿಮ್ಮ ಲೆಕ್ಕಕ್ಕಿಲ್ಲವೋ?

ಮುಲುಂಡ್: ಸಸ್ಯಾಹಾರಿಗಳಿಗೆ ಮೋಸ ಆಗೋದು ಸುರುಳಿಯಲ್ಲಲ್ಲ, ಪಕ್ಕದ ಬಟ್ಟಲಲ್ಲಿ. ಮಿಸೋ (ಹುದುಗಿಸಿದ ಸೋಯಾ) ಸೂಪಿನ ದಾಶಿಗೆ, ಅಂದರೆ ಮೂಲ ಸಾರಿಗೆ, ಸಾಧಾರಣವಾಗಿ ಒಣಮೀನಿನ ಚಕ್ಕೆ ಹಾಕಿರ್ತಾರೆ. ಬರೀ ಕೊಂಬು ಪಾಚಿಯ ದಾಶಿ ಮಾಡ್ತೀರಾ ಅಂತ ಕೇಳಿ. ಕೊಯ್ಯುವ ಮಣೆ, ಚಾಕು, ಕೈ ಅದ್ದುವ ನೀರಿನ ಬಟ್ಟಲು ಬೇರೆ ಬೇರೆ ಬೇಕು. ಮಯೋನೀಸ್‌ನಲ್ಲಿ ಮೊಟ್ಟೆ ಇದ್ದೀತು, ಕೇಳಿ. ಗೋಧಿ ಆಗದವರಿದ್ದರೆ ಸೋಯಾ ಸಾಸ್ ಕೂಡ ವಿಚಾರಿಸಿ.

ಜುಲೈ ಅಂದರೆ ಮಳೆಯ ತೇವಕ್ಕೆ ನೋರಿಯದ್ದೇ (ಸುರುಳಿ ಸುತ್ತುವ ಒಣ ಪಾಚಿಯ ಹಾಳೆ) ಗೋಳು. ಪ್ಯಾಕ್ ಒಡೆದು ಎಲ್ಲರ ಮುಂದೆ ಹರವಿ ಪಾಠ ಶುರುಮಾಡಿದರೆ, ಸುತ್ತುವ ಹೊತ್ತಿಗೆ ಹಾಳೆ ನಾರು ನಾರು. ಒಬ್ಬೊಬ್ಬರಿಗೆ ಬೇಕಾದಾಗ ಒಂದೊಂದೇ ಕೊಡಿ ಅನ್ನಿ. ಹೊಳೆಯುವ ಬದಿ ಕೆಳಗೆ. ಸಣ್ಣ ಸುರುಳಿಗೆ ಅರ್ಧ ಹಾಳೆ, 80 ಗ್ರಾಂ ಅನ್ನ, ಆಚೆ ಅಂಚಿನಲ್ಲಿ 1 ಸೆಂ.ಮೀ. ಖಾಲಿ. ಎಲ್ಲರೂ ದುಪ್ಪಟ್ಟು ಅನ್ನ ಒತ್ತಿ, ಸುರುಳಿ ಬಾಯಿ ಬಿಟ್ಟಾಗ ಚಾಪೆಯನ್ನು ಬೈತಾರೆ. ಬೆರಳಿಗೆ ವಿನೆಗರ್ ಬೆರೆಸಿದ ನೀರು ಸವರಿ ಕೊಡವಬೇಕು, ತೊಟ್ಟಿಕ್ಕಿದರೆ ನೋರಿ ಹರಿಯಿತು. ಚಾಕುವನ್ನು ಪ್ರತಿ ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಎಳೆದು ಕೊಯ್ಯಿರಿ, ಒತ್ತಬೇಡಿ.

ಅಂಧೇರಿ: 80 ಗ್ರಾಂ ಸರಿ. ಆದರೆ ಅಷ್ಟೆಲ್ಲ ಜತನ ಮಾಡಿ ಇಂದ್ರಾಯಣಿ ಹಾಕಿದರೆ ದಂಡ.

ಕೊತ್ರೂಡ್, ಪುಣೆ: ಹೊಸ ಇಂದ್ರಾಯಣಿಗೆ ನೀರು ಕಡಿಮಿ ಹಾಕಬೇಕ್ರೀ, ಇಲ್ಲಾಂದ್ರ ಮುದ್ದಿ ಆಗತೈತಿ. ನೀರು ಹಾಕಾಕ ಬರದವ್ರು ಅಕ್ಕೀಗೆ ಬೈಯಾಕ ಹೋಗಬಾರದು.