ಬ್ಯಾಂಡ್ ಸಾದಲ್ಲಿ ಹಲಸಿನ ಹಲಗೆ ಸೀಳಿದರೆ ನಡುವೆ ಹೊಟ್ಟೆ ಬರುತ್ತಿದೆ, ಏನು ಮಾಡಲಿ?

ಶಿರಸಿಯಿಂದ:

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿ ನಮ್ಮದು. ಹಳೇ ಕೊಟ್ಟಿಗೆಯಲ್ಲೇ ಮರಗೆಲಸ ಮಾಡುತ್ತೇನೆ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಬ್ಯಾಂಡ್ ಸಾ (ಮೇಲೆ ಕೆಳಗೆ ಎರಡು ಚಕ್ರದ ಮೇಲೆ ಪಟ್ಟಿಯಂಥ ಬ್ಲೇಡ್ ಸುತ್ತುವ ಗರಗಸ) ತಂದೆ, 14 ಇಂಚು ಚಕ್ರದ್ದು, 1 ಎಚ್‌ಪಿ ಮೋಟರು, ಸಿಂಗಲ್ ಫೇಸ್. ಬಾಗಿದ ಆಕಾರ ಕೊಯ್ಯುವುದು, ಸಣ್ಣಪುಟ್ಟ ತುಂಡು ಮಾಡುವುದು ಎಲ್ಲ ಇಷ್ಟು ದಿನ ಚೆನ್ನಾಗೇ ನಡೆದಿತ್ತು.

ಮಾಘದಲ್ಲಿ ಮಗಳ ಮದುವೆ. ಹಸೆಮಣೆ ನಾನೇ ಮಾಡಬೇಕು ಎಂದು ಬಹಳ ಆಸೆ. ನಮ್ಮ ಹಿತ್ತಲಲ್ಲೇ ಬಿದ್ದ ಹಲಸಿನ ಮರದ ಹಲಗೆ ಇದೆ, 2 ಇಂಚು ದಪ್ಪ, 6 ಇಂಚು ಅಗಲ. ಅದನ್ನು ಅಂಚಿನ ಮೇಲೆ ನಿಲ್ಲಿಸಿ ದಪ್ಪದ ನಡುವೆ ಸೀಳಿ, ಎರಡು ಹೋಳನ್ನೂ ಪುಸ್ತಕ ತೆರೆದ ಹಾಗೆ ಜೋಡಿಸಿದರೆ ಎರಡೂ ಕಡೆ ಒಂದೇ ಎಳೆ ಕಾಣುತ್ತದೆ ಅಲ್ವಾ, ಅದಕ್ಕೇ ಈ ಕೆಲಸಕ್ಕೆ ಕೈ ಹಾಕಿದೆ. ಆದರೆ ಸೀಳಿ ನೋಡಿದರೆ ಮೇಲಿನ ಅಂಚು ಗೆರೆಯ ಮೇಲಿದೆ, ಕೆಳಗಿನ ಅಂಚೂ ಗೆರೆಯ ಮೇಲಿದೆ, ನಡುವೆ ಮಾತ್ರ ಬ್ಲೇಡ್ ಪಕ್ಕಕ್ಕೆ ಹೋಗಿದೆ. ಒಂದು ಹೋಳು ಉಬ್ಬಿದೆ, ಇನ್ನೊಂದು ತಗ್ಗಾಗಿದೆ. ಹತ್ತಿರ ಹತ್ತಿರ 6 ಮಿಮೀ. ಕೀಸುಳಿ ಹೊಡೆದು ಮಟ್ಟ ಮಾಡಿದರೆ ಮಣೆಗೆ ದಪ್ಪವೇ ಉಳಿಯುವುದಿಲ್ಲ.

ಟೇಬಲ್‌ಗೆ ಮೂಲೆಮಟ್ಟ ಇಟ್ಟು ನೋಡಿದೆ, ಸರಿ ಇದೆ. ಬ್ಲೇಡಿನ ಟೆನ್ಷನ್ (ಬಿಗಿ) ಒಂದು ಸುತ್ತು ಜಾಸ್ತಿ ಮಾಡಿದೆ. ಬ್ಲೇಡ್ 3/8 ಇಂಚಿನದು, ಇಂಚಿಗೆ 6 ಹಲ್ಲು. ಮೆಷಿನ್ ಜೊತೆಗೇ ಬಂದದ್ದು. ಇನ್ನು ನನ್ನ ಹತ್ತಿರ ಇರುವುದು ಮೂರೇ ಹಲಗೆ. ಹಾಳು ಮಾಡಿಕೊಳ್ಳಲು ಧೈರ್ಯ ಇಲ್ಲ.

ಯಲ್ಲಾಪುರದಿಂದ:

ಬ್ಲೇಡ್ ಒಂದು ಪಕ್ಕಕ್ಕೆ ಎಳೆಯುತ್ತಿದೆ ಅಷ್ಟೇ. ಒಂದು ತುಂಡಿನ ಮೇಲೆ ನೇರ ಗೆರೆ ಹಾಕಿ, ಫೆನ್ಸ್ (ಹಲಗೆ ಒರಗಿಸಿ ದೂಡುವ ನೇರ ಪಟ್ಟಿ) ತೆಗೆದು ಬರಿಗೈಯಲ್ಲಿ ಗೆರೆ ಹಿಡಿದು ಕೊಯ್ಯಿರಿ. ಅರ್ಧಕ್ಕೆ ನಿಲ್ಲಿಸಿ. ಆಗ ಹಲಗೆ ಯಾವ ಓರೆಯಲ್ಲಿ ನಿಂತಿರುತ್ತದೋ ಅದೇ ಓರೆಗೆ ಫೆನ್ಸ್ ಕೂರಿಸಿ. ನನಗೆ ಯಾವಾಗಲೂ ಇದರಿಂದಲೇ ಸರಿ ಆಗಿದೆ.

ಸಿದ್ದಾಪುರದಿಂದ:

ವೋಲ್ಟೇಜ್ ನೋಡಿದ್ರಾ? ನಮ್ಮಲ್ಲಿ ಸಂಜೆ ಹೊತ್ತು ಮೋಟರು ನರಳುತ್ತದೆ.

ಕುಮಟಾದಿಂದ:

ಶಿರಸಿಯವರೇ, ದಯವಿಟ್ಟು ಫೆನ್ಸ್ ಈಗಲೇ ಮುಟ್ಟಬೇಡಿ. ಯಲ್ಲಾಪುರದವರು ಹೇಳಿದ್ದು ಸರಿಯಾದ ಮದ್ದೇ, ಆದರೆ ಬೇರೆ ರೋಗಕ್ಕೆ. ಬ್ಲೇಡ್ ಎಳೆದರೆ ಕೊಯ್ತ ಮೇಲಿಂದ ಕೆಳಗಿನವರೆಗೂ ಒಂದೇ ಸಮ ಪಕ್ಕಕ್ಕೆ ಹೋಗುತ್ತದೆ. ಹಲಗೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು ಆಗುತ್ತದೆ. ನಿಮ್ಮದರಲ್ಲಿ ಮೇಲೆ ಕೆಳಗೆ ಸರಿ ಇದ್ದು ನಡುವೆ ಹೊಟ್ಟೆ ಬಂದಿದೆ. ಅಂದರೆ ಮರದ ಒಳಗೆ ಬ್ಲೇಡೇ ಬಿಲ್ಲಿನ ಹಾಗೆ ಬಾಗುತ್ತಿದೆ. ಇದನ್ನು ಯಾವ ಫೆನ್ಸೂ ಸರಿ ಮಾಡುವುದಿಲ್ಲ.

ಯಾಕೆ ಬಾಗುತ್ತದೆ? ಇಂಚಿಗೆ 6 ಹಲ್ಲು, 6 ಇಂಚು ಮರ. ಒಂದೇ ಸಲಕ್ಕೆ 36 ಹಲ್ಲು ಮರದ ಒಳಗೆ. ಪ್ರತಿ ಹಲ್ಲಿನ ಮುಂದಿನ ಸಂದಿ ತಾನು ಕೊಯ್ದ ಹೊಟ್ಟನ್ನು ಆ 6 ಇಂಚೂ ಹೊತ್ತುಕೊಂಡು ಕೆಳಗೆ ಹೋಗಬೇಕು. ಹಲ್ಲು ಸಣ್ಣ ಆದರೆ ಸಂದಿಯೂ ಸಣ್ಣ, ಅರ್ಧ ದಾರಿಯಲ್ಲೇ ತುಂಬುತ್ತದೆ. ತುಂಬಿದ ಮೇಲೆ ಹಲ್ಲು ಮರವನ್ನು ಕೊಯ್ಯುವುದಿಲ್ಲ, ಸುಮ್ನೆ ಉಜ್ಜುತ್ತದೆ. ಕೊಯ್ಯುತ್ತಿಲ್ಲ ಎಂದು ನಾವು ಇನ್ನೂ ಜೋರಾಗಿ ದೂಡುತ್ತೇವೆ. ಮೇಲಿನ ಗೈಡು ಮತ್ತು ಟೇಬಲ್ ಕೆಳಗಿನ ಗೈಡು ಬ್ಲೇಡ್ ಪಕ್ಕಕ್ಕೆ ಹೋಗದ ಹಾಗೆ ಎರಡು ತುದಿಯನ್ನು ಹಿಡಿದಿರುತ್ತವೆ, ನಡುವೆ ಹಿಡಿಯುವವರು ಯಾರೂ ಇಲ್ಲ. ಬ್ಲೇಡ್ ಅಲ್ಲೇ ತಿರುಚಿಕೊಂಡು ಪಕ್ಕಕ್ಕೆ ಹೋಗುತ್ತದೆ.

1/2 ಇಂಚು ಅಗಲದ, ಇಂಚಿಗೆ 3 ಹಲ್ಲಿನ ಬ್ಲೇಡ್ ಹಾಕಿ. ಒಳಗೆ ಇರುವುದು 18 ಹಲ್ಲು ಮಾತ್ರ, ಸಂದಿ ದೊಡ್ಡದು, ಬೆನ್ನೂ ಗಟ್ಟಿ. ಕೆಲವು ಮೆಷಿನ್‌ಗೆ 3/4 ಹಾಕಬಹುದು ಎಂದು ಬರೆದಿರುತ್ತಾರೆ. ನಮ್ಮ 14 ಇಂಚಿನ ಮೆಷಿನ್ ಆ ಅಗಲಕ್ಕೆ ಬೇಕಾದ ಬಿಗಿ ಕೊಡುವುದು ಕಷ್ಟ, 1/2 ಸಾಕು ಅನ್ನುವುದು ನನ್ನ ಅಭಿಪ್ರಾಯ.

ವೋಲ್ಟೇಜಿನಿಂದ ಹೊಟ್ಟೆ ಬರುವುದಿಲ್ಲ. ಆದರೆ ಸಿದ್ದಾಪುರದವರ ಮಾತು ಬಿಡಬೇಡಿ, ಮೋಟರು ಬಿಸಿ ಆಗುತ್ತಿದೆಯಾ? ಮನೆಯಿಂದ ಕೊಟ್ಟಿಗೆಗೆ ವೈರ್ ಎಷ್ಟು ಉದ್ದ? ಇನ್ನೊಂದು, ಮರ ಬಿದ್ದು ಎಷ್ಟು ದಿನ ಆಯಿತು? ಹಸಿ ಹಲಗೆಯಾದರೆ ನೀವು ಎಷ್ಟೇ ನೇರ ಸೀಳಿದರೂ ಮದುವೆ ದಿನದ ಹೊತ್ತಿಗೆ ಮಣೆ ತಿರುಚಿ ನಿಲ್ಲುತ್ತದೆ.

ಶಿರಸಿಯಿಂದ:

ಮರ ಬಿದ್ದು ಮೂರು ಮಳೆಗಾಲ ಕಳೆದಿದೆ. ಹಲಗೆ ಮಾಡಿಸಿ ಬಚ್ಚಲಮನೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೆ, ಚೆನ್ನಾಗಿ ಒಣಗಿದೆ. ವೈರ್ 30 ಮೀಟರ್ ಇರಬಹುದು, ಸಣ್ಣ ವೈರೇ. ಮೋಟರು ಅರ್ಧ ಗಂಟೆಗೆ ಕೈ ಇಡಲಾಗದಷ್ಟು ಬಿಸಿ.

ಕುಮಟಾದಿಂದ:

ಅಟ್ಟದ ಹಲಗೆ ಎಂದರೆ ಚಿಂತೆ ಇಲ್ಲ. ವೈರ್ ಮಾತ್ರ ಇವತ್ತೇ ಬದಲಾಯಿಸಿ, 2.5 ಚದರ ಮಿಮೀಗಿಂತ ಕಡಿಮೆ ಬೇಡ.

ಹೊಸ ಬ್ಲೇಡ್ ಬಂದ ಮೇಲೆ ಪ್ಲಗ್ ಕಿತ್ತು ಎರಡೂ ಬಾಗಿಲು ತೆಗೆಯಿರಿ. ಗೈಡುಗಳನ್ನೆಲ್ಲ ಹಿಂದಕ್ಕೆ ಸರಿಸಿ. ಗೈಡು ದೂರ ಇರುವಾಗಲೇ ಬ್ಲೇಡ್ ಕೂರಿಸಿ, ಬಿಗಿ ಮಾಡಿ, ಕೈಯಿಂದ ಚಕ್ರ ತಿರುಗಿಸಿ ಅದು ಎಲ್ಲಿ ಓಡುತ್ತದೆ ನೋಡಿ. ಇದು ಬಹಳ ಜನ ತಪ್ಪುವ ಜಾಗ, ಗೈಡು ಒತ್ತಿ ಬ್ಲೇಡನ್ನು ದಾರಿಗೆ ತರಲು ನೋಡುತ್ತಾರೆ. ಬಿಗಿ ನೋಡಲು ಸ್ಪ್ರಿಂಗ್ ಪಕ್ಕದ ಅಳತೆಯನ್ನು ಮಾತ್ರ ನಂಬಬೇಡಿ. ಮೇಲಿನ ಗೈಡನ್ನು 6 ಇಂಚು ಎತ್ತಿ, ಬ್ಲೇಡಿನ ಪಕ್ಕಕ್ಕೆ ಬೆರಳಿನಿಂದ ಹದವಾಗಿ ಒತ್ತಿ. ಕಾಲು ಇಂಚಿಗಿಂತ ಜಾಸ್ತಿ ಬಾಗಬಾರದು. ಆಮೇಲೆ ಪಕ್ಕದ ಗೈಡುಗಳನ್ನು ಒಂದು ಕಾಗದದಷ್ಟು ಸಂದಿ ಬಿಟ್ಟು, ಹಲ್ಲಿನ ಸಂದಿಗಿಂತ ಸ್ವಲ್ಪ ಹಿಂದೆ ನಿಲ್ಲಿಸಿ. ಹಿಂದಿನ ಬೇರಿಂಗ್ ಖಾಲಿ ಓಡುವಾಗ ತಿರುಗಬಾರದು, ಮರ ತಾಗಿದಾಗ ಮಾತ್ರ ತಿರುಗಬೇಕು.

ಕೆಳಗಿನ ಚಕ್ರದ ಟೈರನ್ನೂ (ಬ್ಲೇಡ್ ಕೂರುವ ರಬ್ಬರ್ ಪಟ್ಟಿ) ನೋಡಿ. ಹಸಿ ಹಲಸು ಏನಾದರೂ ಕೊಯ್ದಿದ್ದೀರಾ?

ಕಾರವಾರದಿಂದ:

ನಡುವೆ ಒಂದು ಮಾತು. ಕೆಲಸ ಮುಗಿದ ಮೇಲೆ ಬ್ಲೇಡ್ ಸಡಿಲ ಮಾಡಿಡಿ. ನಾನು ಇಡೀ ಮಳೆಗಾಲ ಬಿಗಿಯಲ್ಲೇ ಬಿಟ್ಟು, ಟೈರಿನಲ್ಲಿ ಬ್ಲೇಡ್ ಕೂತ ಜಾಗ ತಗ್ಗಾಗಿ ಹೊಸ ಟೈರೇ ಹಾಕಬೇಕಾಯಿತು. ಇಲ್ಲಿ ಕಡಲ ಗಾಳಿಗೆ ಬೀಡಿನ ಟೇಬಲ್ ಬೇಗ ಕೆಂಪಾಗುತ್ತದೆ, ನಾನು ಮೇಣದ ಪಾಲಿಶ್ ಸವರಿ ಒರೆಸಿ ಬಟ್ಟೆ ಮುಚ್ಚುತ್ತೇನೆ. ಸಿಲಿಕೋನ್ ಇರುವ ಪಾಲಿಶ್ ಬೇಡ, ಅದು ಮರಕ್ಕೆ ಹತ್ತಿದರೆ ವಾರ್ನಿಶ್ ಕೂರುವುದಿಲ್ಲ.

ಶಿರಸಿಯಿಂದ:

ಹೌದು ಮಾರಾಯ್ರೇ, ಹೋದ ವರ್ಷ ಹಸಿ ಕೊಂಬೆ ಕೊಯ್ದಿದ್ದೆ! ಕೆಳಗಿನ ಬಾಗಿಲು ತೆಗೆದು ನೋಡಿದರೆ ಟೈರಿನ ಮೇಲೆ ಹಲಸಿನ ಮೇಣ ಮತ್ತು ಹೊಟ್ಟು ಸೇರಿ ಗಟ್ಟಿ ಗಂಟು ಆಗಿದೆ. ಕೈಯಿಂದ ತಿರುಗಿಸಿದರೆ ಪ್ರತಿ ಸುತ್ತಿಗೂ ಬ್ಲೇಡ್ ಎದ್ದು ಬೀಳುತ್ತದೆ. ಕೊಬ್ಬರಿ ಎಣ್ಣೆ ಹಾಕಿ ತೆಗೆಯಲಾ?

ಕುಮಟಾದಿಂದ:

ಬೇಡ ಬೇಡ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಅದು ಸರಿ. ಟೈರು ರಬ್ಬರ್, ಎಣ್ಣೆ, ಸೀಮೆಎಣ್ಣೆ ಎರಡೂ ಅದಕ್ಕೆ ಆಗುವುದಿಲ್ಲ. ಚೂಪಿಲ್ಲದ ಮರದ ಚಕ್ಕೆಯಿಂದ ಕೆರೆದು ಸಾಬೂನು ನೀರಿನ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಕೆಳಗಿನ ಚಕ್ರಕ್ಕೆ ತಾಗುವ ಹಾಗೆ ಒಂದು ನೈಲಾನ್ ಬ್ರಶ್ ಕೂರಿಸಿಬಿಟ್ಟರೆ ಮುಂದೆ ಹೊಟ್ಟು ಅಂಟುವುದು ಬಹಳ ಕಡಿಮೆ.

ಶಿರಸಿಯಿಂದ:

ಒಂದು ವಾರದ ನಂತರ ಬರೆಯುತ್ತಿದ್ದೇನೆ. ಹುಬ್ಬಳ್ಳಿಯಿಂದ ಬ್ಲೇಡ್ ತರಿಸಿದೆ, ನೀವು ಹೇಳಿದ್ದೇ ಅಳತೆ. ವೈರ್ ಬದಲಾಯಿತು, ಟೈರು ಸ್ವಚ್ಛ ಆಯಿತು. ಮೊದಲು ಹಾಳಾದ ಹೋಳಿನ ಮೇಲೇ ಪ್ರಯತ್ನ ಮಾಡಿದೆ. ದೂಡುವುದೇ ಬೇಕಾಗಲಿಲ್ಲ, ಕೈ ಇಟ್ಟರೆ ಸಾಕು, ಮರ ತಾನೇ ಒಳಗೆ ಹೋಗುತ್ತಿದೆ ಅನ್ನಿಸಿತು. ಹೊಟ್ಟೆ 1 ಮಿಮೀ ಕೂಡ ಇಲ್ಲ. ಮಾರನೇ ದಿನ ಬೆಳಗ್ಗೆ ಒಳ್ಳೆಯ ಹಲಗೆ ಸೀಳಿದೆ, ಕೊನೆಯ 4 ಇಂಚು ದೂಡುಕೋಲಿನಿಂದ. ತೆರೆದು ಜೋಡಿಸಿ ಇಟ್ಟಾಗ ಆ ಹಳದಿ ಎಳೆ ಎರಡೂ ಕಡೆ ಒಂದೇ ಹಾಗೆ ಕಂಡಿತು. ಮಗಳನ್ನು ಕರೆದು ತೋರಿಸಿದೆ, ಅವಳು ಕೈ ಸವರಿ ಸುಮ್ಮನೆ ನಿಂತಳು. ನಿಮಗೆಲ್ಲ ಹೇಗೆ ಧನ್ಯವಾದ ಹೇಳಲಿ ಗೊತ್ತಿಲ್ಲ.

ಒಂದೇ ಒಂದು ಸಂಶಯ. ಖಾಲಿ ಓಡುವಾಗ ಟಿಕ್ ಟಿಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತದೆ. ಬಿಟ್ಟುಬಿಡಲಾ?

ಕುಮಟಾದಿಂದ:

ಓದಿ ಬಹಳ ಸಂತೋಷ ಆಯಿತು. ಸದ್ದನ್ನು ಮಾತ್ರ ಬಿಡಬೇಡಿ, ಉಳಿದ ಹಲಗೆಗೆ ಕೈ ಹಾಕುವ ಮೊದಲೇ ನೋಡಿ. ಪ್ಲಗ್ ಕಿತ್ತು, ಚಕ್ರ ನಿಧಾನ ತಿರುಗಿಸುತ್ತಾ ಬ್ಲೇಡಿನ ಬೆಸುಗೆ ಗೈಡಿನ ಹತ್ತಿರ ಬರುವಾಗ ತಾಗುತ್ತದಾ ಗಮನಿಸಿ. ಬೆಸುಗೆಯ ಪಕ್ಕ ಉಬ್ಬಿದ್ದರೆ ಸಣ್ಣ ಅರದಿಂದ ಮಟ್ಟ ಮಾಡಿದರೆ ಆಯಿತು. ಹಲ್ಲಿನ ಸಂದಿಯಿಂದ ಹಿಂದಕ್ಕೆ ಕೂದಲಿನಂಥ ಗೆರೆ ಕಂಡರೆ ಅದು ಬಿರುಕು, ಆ ಬ್ಲೇಡ್ ಮತ್ತೆ ಓಡಿಸಬೇಡಿ, ಹಾಗೇ ಬಿಚ್ಚಿ ತೆಗೆದಿಡಿ. ಬಿಚ್ಚುವಾಗ ಮಾತ್ರ ಗ್ಲೌಸ್ ಹಾಕಿ, ಮೆಷಿನ್ ಓಡುವಾಗ ಬೇಡ. ಫೋಟೋ ಹಾಕಿ, ನೋಡಿ ಹೇಳುತ್ತೇನೆ.