ಸಹಾಯ ಬೇಕು: ದೀರ್ಘ ಚಾರಣದ ಹಗುರ ಬ್ಯಾಕ್‌ಪ್ಯಾಕ್‌ಗೆ ಫ್ರೇಮ್ ಬೇಕೇ, ಬೇಡವೇ?

ಎಲ್ಲರಿಗೂ ನಮಸ್ಕಾರ. ಹಲವು ವಾರಗಳ ಚಾರಣಕ್ಕೆ ಹಗುರವಾದ ಬ್ಯಾಕ್‌ಪ್ಯಾಕ್ ಕೊಳ್ಳಬೇಕಾಗಿದೆ. ನನ್ನ ಸಾಮಾನು ಸುಮಾರು 6 ಕಿಲೋ; ಐದು ದಿನಗಳ ಆಹಾರ, 2 ಲೀಟರ್ ನೀರು ಸೇರಿದರೆ 11 ಕಿಲೋ ದಾಟುತ್ತದೆ.

ಗೊಂದಲವಿರುವುದು ಇಲ್ಲೇ. ಫ್ರೇಮ್ (ಚೀಲವನ್ನು ಸೆಟೆದು ನಿಲ್ಲಿಸುವ ಗಟ್ಟಿ ಚೌಕಟ್ಟು) ಇಲ್ಲದ ಚೀಲ ಅರ್ಧ ಕಿಲೋ ಆಸುಪಾಸಿನಲ್ಲಿ ಸಿಗುತ್ತದೆ ನಿಜ, ಆದರೆ ಹೊರೆ ಹೆಚ್ಚಾದಾಗ ಅದು ಕುಸಿದು ಭಾರವೆಲ್ಲ ಭುಜದ ಮೇಲೆ ಬೀಳುತ್ತದೆ. ಫ್ರೇಮ್ ಇದ್ದರೆ ಭಾರದ ಬಹುಪಾಲು ಸೊಂಟದ ಪಟ್ಟಿಗೆ ಇಳಿಯುತ್ತದೆ. ಭುಜದ ನೋವಿನಲ್ಲಿ ದಾರಿಯ ಸೊಬಗೇ ಕಾಣದಂತಾಗುವುದು ನನಗೆ ಬೇಡ, ಹಾಗಾಗಿ ಒಲವು ಫ್ರೇಮ್ ಕಡೆಗೇ ಇದೆ. ಫ್ರೇಮ್ ಬದಲು ಮಡಚಿದ ಫೋಮ್ ಚಾಪೆಯನ್ನು ಬೆನ್ನಿನ ಭಾಗಕ್ಕೆ ಒತ್ತಿಟ್ಟು ಇಷ್ಟು ಹೊರೆ ಹೊತ್ತವರು ಇದ್ದೀರಾ? ದಿನವಿಡೀ ಅದು ಸೆಟೆದು ನಿಲ್ಲುತ್ತದೆಯೇ?

ಇನ್ನೊಂದು ವಿಷಯ, ಚೀಲದ ಅಳತೆಯದು. ಬೆನ್ನಿನ ಉದ್ದವನ್ನು ಕತ್ತಿನ ಬುಡದ ಉಬ್ಬು ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನವರೆಗೆ ಅಳೆದಾಗ 46 ಸೆಂಟಿಮೀಟರ್ ಬಂದಿತು. ನಾನು ನೋಡಿರುವ ಚೀಲದಲ್ಲಿ ಇದು ಎರಡು ಅಳತೆಗಳ ಗಡಿ. ಚಿಕ್ಕದೋ, ದೊಡ್ಡದೋ?

ಮಳೆಗೆ ಚೀಲದೊಳಗೆ ಗಟ್ಟಿ ಪ್ಲಾಸ್ಟಿಕ್ ಹಾಸುವುದೆಂದು ನಿರ್ಧರಿಸಿದ್ದೇನೆ. ಬಟ್ಟೆ ನೀರು ಹೀರದಿದ್ದರೂ ಹೊಲಿಗೆಗಳಲ್ಲಿ ಒಸರುತ್ತದೆ. ಇಂಥ ಹೊರೆಯೊಡನೆ ವಾರಗಟ್ಟಲೆ ನಡೆದವರು ದಯವಿಟ್ಟು ತಿಳಿಸಿ.